ನಮ್ಮ ನುಡಿಗೆ ಪರದೇಶದ ಬೊಕ್ಕಸ

ಮಾಟುಂಗದ ನಮ್ಮ ಹಳೆಯ ಹೊಟೇಲನ್ನು ತಮ್ಮನ ಕೈಗೊಪ್ಪಿಸಿ ನಾವು ಪತ್ರಿಕೆಯ ಮೇಜಿಗೆ ಬಂದು ಕೆಲವು ವರ್ಷಗಳಾದುವು. ಆದರೂ ಸಂಜೆಯ ಹೊತ್ತು ಗಲ್ಲಾಪೆಟ್ಟಿಗೆಯ ಬಳಿ ಒಂದು ಗಳಿಗೆ ಕುಳಿತು ಬರುವ ಅಭ್ಯಾಸವನ್ನು ಬಿಟ್ಟಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಒಂದು ಸಂಜೆ ನಾವು ಹಾಗೆ ಕುಳಿತಿದ್ದಾಗ, ಪರದೇಶದ ತರುಣಿಯೊಬ್ಬಳು ಒಳಗೆ ಬಂದು ಮೂಲೆಯ ಮೇಜನ್ನು ಹಿಡಿದಳು. ಸಪ್ಲಾಯರ್ ನೀರಿಟ್ಟು ನಿಂತನು.

“ನನಗೆ ಒಂದು ಮಸಾಲೆ ದೋಸೆ ಬೇಕಾಗಿದೆ. ದೊರೆಯುತ್ತದೆಯೇ?” ಎಂದು ಆಕೆ ಶುದ್ಧ ಕನ್ನಡದಲ್ಲಿ ಕೇಳಿದಳು.

“ಮೇಡಮ್, ಪಾಂಚ್ ಮಿನಿಟ್ ಲಗೇಗಾ” ಎಂದು ನಮ್ಮವನು ಹಿಂದಿಯಲ್ಲಿ ಉತ್ತರವಿತ್ತನು.

“ನೀವು ಕನ್ನಡದವರು ಅಲ್ಲವೇ?”

ಅವನ ಮುಖ ಕೆಂಪೇರಿತು. “ಹೌದು ಮೇಡಮ್, ಊರು ಕುಂದಾಪ್ರ ಬದಿ” ಎಂದನು.

ನಾವು ಎದ್ದು ಹೋಗಿ ಮಾತನಾಡಿಸಿದೆವು. ಆಕೆ ಅಮೇರಿಕೆಯ ಒಂದು ವಿಶ್ವವಿದ್ಯಾಲಯದ ಸಂಶೋಧನ ವಿದ್ಯಾರ್ಥಿನಿ. ಎರಡು ವರ್ಷ ಅಲ್ಲಿಯೇ ಕನ್ನಡ ಓದಿ, ಅನಂತರ ಮೈಸೂರಿನಲ್ಲಿದ್ದು ಕಲಿಕೆಯನ್ನು ಮುಂದುವರಿಸಿದವಳು. ವೆಚ್ಚವೆಲ್ಲ ಯಾರದೆಂದು ಕೇಳಿದೆವು. “ನಮ್ಮ ಸರಕಾರದ್ದು. ಆದರೆ ಈ ವರ್ಷ ನಿಂತುಹೋಯಿತು. ನನ್ನ ಬಳಿಕ ಕನ್ನಡ ಕಲಿಯಬೇಕೆಂದಿದ್ದ ಇಬ್ಬರು ಈಗ ಬೇರೆ ವಿಷಯ ಹಿಡಿದಿದ್ದಾರೆ” ಎಂದಳು.

ಆಕೆ ಹೋದ ಮೇಲೆ ಸಪ್ಲಾಯರ್ ಹತ್ತಿರ ಬಂದು ಕೇಳಿದನು: “ಅಲ್ಲ ಅಣ್ಣಾ, ನಮ್ಮ ಭಾಷೆ ಕಲಿಸಿದ್ರೆ ಅವರ ಸರಕಾರಕ್ಕೆ ಏನು ಲಾಭ?”

ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹೇಳಬೇಕಾದರೆ ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಸ್ಪುಟ್ನಿಕ್ ಕಲಿಸಿದ ಪಾಠ

1957ರ ಅಕ್ಟೋಬರ 4ರಂದು ರಶಿಯವು ಸ್ಪುಟ್ನಿಕ್ ಎಂಬ ಕೃತಕ ಉಪಗ್ರಹವನ್ನು ಆಕಾಶಕ್ಕೆ ಹಾರಿಸಿತು. ಅಮೇರಿಕೆಯು ಬೆಚ್ಚಿಬಿದ್ದಿತು. ವಿಜ್ಞಾನದಲ್ಲಿ ಮಾತ್ರವಲ್ಲ, ಲೋಕದ ಭಾಷೆಗಳ ಜ್ಞಾನದಲ್ಲಿಯೂ ತಾನು ಹಿಂದುಳಿದಿರುವೆನೆಂಬುದು ಅದಕ್ಕೆ ಅರಿವಾಯಿತು. ಎದುರಾಳಿಯ ಪತ್ರಿಕೆಯನ್ನು ಓದಬಲ್ಲವರು ವಿರಳ, ಏಶಿಯಾ ಆಫ್ರಿಕಾಗಳ ಹೊಸ ರಾಷ್ಟ್ರಗಳ ಜನರೊಡನೆ ಅವರ ನುಡಿಯಲ್ಲಿ ಮಾತನಾಡಬಲ್ಲವರು ಇನ್ನೂ ವಿರಳ. ಮರುವರ್ಷ, 1958ರ ಸಪ್ಟಂಬರ 2ರಂದು, ಅಧ್ಯಕ್ಷ ಐಸೆನ್‌ಹೋವರ್ ಅವರು ‘ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ’ಗೆ ಸಹಿ ಹಾಕಿದರು. ಹೆಸರನ್ನು ವಾಚಕರು ಗಮನಿಸಬೇಕು. ಭಾಷಾಪಾಠವು ಅಲ್ಲಿ ರಕ್ಷಣೆಯ ಲೆಕ್ಕಕ್ಕೆ ಸೇರಿತು!

ಆ ಕಾಯಿದೆಯ ಆರನೆಯ ಅಧ್ಯಾಯವೇ ಇಂದಿಗೂ ಹೆಸರಾದ ‘ಟೈಟಲ್ ಸಿಕ್ಸ್’. ವಿಶ್ವವಿದ್ಯಾಲಯವೊಂದು ಪರಭಾಷೆಗಳ ಅಧ್ಯಯನ ಕೇಂದ್ರವನ್ನು ತೆರೆದರೆ ವೆಚ್ಚದ ಅರ್ಧದವರೆಗೆ ಸರಕಾರ ಕೊಡುವುದು, ಉಳಿದರ್ಧವನ್ನು ವಿಶ್ವವಿದ್ಯಾಲಯವೇ ಹೊರಿಸಿಕೊಳ್ಳುವುದು. ಇದು ಪಾಲುದಾರಿಕೆಯ ಹೊಟೇಲು ನಡೆಸಿದಂತೆ. ಇಬ್ಬರ ಬಂಡವಾಳವೂ ಇದ್ದರೆ ಇಬ್ಬರಿಗೂ ಕಾಳಜಿ ಇರುತ್ತದೆ. ಕಲಿಯುವ ವಿದ್ಯಾರ್ಥಿಗೆ ಬೋಧನ ಶುಲ್ಕವೂ ಜೀವನ ವೆಚ್ಚಕ್ಕೆ ವೇತನವೂ ದೊರೆಯುವಂತೆ ಮಾಡಲಾಯಿತು. ಇಂಗ್ಲಿಷ್, ಫ್ರೆಂಚ್‌ಗಳಿಗೆ ವಿದ್ಯಾರ್ಥಿಗಳು ತಾವಾಗಿ ಬರುತ್ತಾರೆ. ಐದೋ ಆರೋ ಮಂದಿ ಕುಳಿತುಕೊಳ್ಳುವ ತರಗತಿಗೆ ಅಧ್ಯಾಪಕರನ್ನು ನೇಮಿಸಬೇಕಾದರೆ ಸರಕಾರದ ಹಣವೇ ಬೇಕು. ಆ ದೇಶದ ಶಿಕ್ಷಣ ಇಲಾಖೆಯು ಆದ್ಯತೆಯ ಭಾಷೆಗಳೆಂದು ಮಾಡಿದ 78 ಹೆಸರುಗಳ ಪಟ್ಟಿಯಲ್ಲಿ ಕನ್ನಡವೂ ಸೇರಿತು. 1961ರಲ್ಲಿ ಸ್ಥಾಪನೆಯಾದ ಭಾರತೀಯ ಅಧ್ಯಯನಗಳ ಅಮೇರಿಕನ್ ಸಂಸ್ಥೆಯು ತನ್ನ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಲು ಆರಿಸಿಕೊಂಡ ಊರು ಮೈಸೂರು. ನಮ್ಮ ಹೊಟೇಲಿಗೆ ಬಂದ ತರುಣಿಯಂಥವರು ಮೈಸೂರನ್ನು ಸೇರುವುದು ಈ ದಾರಿಯಿಂದ.

ಗೋಧಿಯಿಂದ ಗ್ರಂಥ

ಕಲಿಯಲು ಅಧ್ಯಾಪಕರಿದ್ದರೆ ಸಾಲದು, ಪುಸ್ತಕ ಬೇಕು. ಕನ್ನಡ ಪುಸ್ತಕಗಳು ಸಮುದ್ರ ದಾಟಿದ ಕತೆಯು ನಮ್ಮ ಹಿರಿಯ ವಾಚಕರಿಗೆ ವಿನೋದವನ್ನು ಉಂಟುಮಾಡೀತು. ರೇಶನ್ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತು ತಂದ ಪಿ.ಎಲ್. 480 ಗೋಧಿಯ ನೆನಪು ಅವರಿಗೆ ಇದ್ದೇ ಇದೆ. 1954ರ ಆ ಅಮೇರಿಕನ್ ಕಾಯಿದೆಯ ಪ್ರಕಾರ 1956ರಿಂದ ನಮ್ಮ ದೇಶಕ್ಕೆ ಗೋಧಿ ಬಂದಿತು. ಬೆಲೆಯನ್ನು ಡಾಲರಿನಲ್ಲಿ ಅಲ್ಲ, ರೂಪಾಯಿಯಲ್ಲಿ ತೆರುವ ಕರಾರಿತ್ತು. ಈ ರೂಪಾಯಿಗಳು ಇಲ್ಲಿಯೇ ರಾಶಿಯಾಗಿ ಬಿದ್ದುವು.

ಆ ರಾಶಿಯ ಒಂದು ಚಿಕ್ಕ ಭಾಗವನ್ನು ಪುಸ್ತಕಕ್ಕೆ ಬಳಸಲು ಅಲ್ಲಿನವರಿಗೆ ತೋಚಿತು. 1962ರಿಂದ ಅಮೇರಿಕೆಯ ‘ಲೈಬ್ರರಿ ಆಫ್ ಕಾಂಗ್ರೆಸ್’ ಹೊಸದಿಲ್ಲಿಯಲ್ಲಿ ಕಚೇರಿ ತೆರೆದು, ಭಾರತದ ಭಾಷೆಗಳಲ್ಲಿ ಅಚ್ಚಾಗುತ್ತಿದ್ದ ಪುಸ್ತಕಗಳನ್ನು ಹಲವು ಪ್ರತಿಗಳಂತೆ ಕೊಂಡು ತನ್ನ ದೇಶದ ವಿಶ್ವವಿದ್ಯಾಲಯಗಳಿಗೆ ಕಳುಹಿಸತೊಡಗಿತು. ಕನ್ನಡದ ಕಾದಂಬರಿ, ಕವಿತೆ, ವಿಮರ್ಶೆಗಳು ಹೀಗೆ ಚಿಕಾಗೋ ಮೊದಲಾದೆಡೆಯ ಕಪಾಟುಗಳನ್ನು ಸೇರಿದುವು. ನಾವು ತಿಂದ ಚಪಾತಿಯ ಹಣ ಅಲ್ಲಿ ಕನ್ನಡ ಗ್ರಂಥವಾಯಿತು. ಉಳಿದ ಸಾಲದ ಬಹುಭಾಗವನ್ನು ಮನ್ನಾ ಮಾಡಿ 1974ರಲ್ಲಿ ಅಮೇರಿಕೆಯ ರಾಯಭಾರಿ ಮೊಯ್ನಿಹನ್ ಅವರು ಭಾರತ ಸರಕಾರಕ್ಕೆ ಕೊಟ್ಟ ಚೆಕ್ಕಿನ ಮೊತ್ತ 1,664 ಕೋಟಿ ರೂಪಾಯಿ. ಗೋಧಿ ಅರಗಿ ಎಷ್ಟೋ ಕಾಲವಾಯಿತು, ಸಾಲವೂ ಹೋಯಿತು. ಪುಸ್ತಕ ಮಾತ್ರ ಕಪಾಟಿನಲ್ಲಿ ಉಳಿಯಿತು.

ಹೋದವರು ತಂದ ಕೀರ್ತಿ

ಪುಸ್ತಕದಂತೆಯೇ ಮನುಷ್ಯರೂ ಸರಕಾರದ ವೆಚ್ಚದಲ್ಲಿ ಸಮುದ್ರ ದಾಟಿದರು. ಯುದ್ಧ ಮುಗಿದ ಮೇಲೆ ಪರದೇಶಗಳಲ್ಲಿ ಉಳಿದಿದ್ದ ಅಮೇರಿಕನ್ ಸೇನೆಯ ಸಾಮಾನುಗಳನ್ನು ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸಬೇಕೆಂದು ಸೂಚಿಸಿದವರು ಸೆನೆಟರ್ ಫುಲ್‌ಬ್ರೈಟ್. 1946ರಲ್ಲಿ ಅದು ಕಾಯಿದೆಯಾಯಿತು. ಭಾರತದ ಪರವಾಗಿ ಪಂಡಿತ ನೆಹರೂ ಅವರು 1950ರ ಫೆಬ್ರವರಿ 2ರಂದು ಈ ಒಪ್ಪಂದಕ್ಕೆ ಸಹಿ ಹಾಕಿದರು.

ಮೈಸೂರಿನಲ್ಲಿ ಹುಟ್ಟಿ, ಬೆಳಗಾವಿ ಬರೋಡಾಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಅವರು 1959ರಲ್ಲಿ ಅಮೇರಿಕೆಗೆ ಹೋದದ್ದು ಈ ಫುಲ್‌ಬ್ರೈಟ್ ನೆರವಿನಿಂದ. ಇಂಡಿಯಾನಾದಲ್ಲಿ ಅವರು ಡಾಕ್ಟರೇಟಿಗಾಗಿ ಬರೆದುದು ಕನ್ನಡದ ವ್ಯಾಕರಣವನ್ನು ಕುರಿತು. ಅನಂತರ ಚಿಕಾಗೋದಲ್ಲಿ ನೆಲೆಸಿ ಅವರು ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಪ್ರಕಟಿಸಿದರು. ಲೋಕದ ಓದುಗರು ಬಸವಣ್ಣ, ಅಕ್ಕಮಹಾದೇವಿಯರ ಹೆಸರನ್ನು ಕೇಳಿದ್ದು ಬಹುಮಟ್ಟಿಗೆ ಆ ಪುಸ್ತಕದಿಂದ.

ಅದೇ ಕಾಲದಲ್ಲಿ ಇಂಗ್ಲೆಂಡಿಗೆ ಇನ್ನೊಂದು ದಾರಿ ತೆರೆದಿತ್ತು. ಕಾಮನ್‌ವೆಲ್ತ್ ದೇಶಗಳು 1959ರಲ್ಲಿ ಆಕ್ಸ್‌ಫರ್ಡಿನಲ್ಲಿ ಸಭೆ ಸೇರಿ ಪರಸ್ಪರ ವಿದ್ಯಾರ್ಥಿವೇತನಗಳನ್ನು ಕೊಡಲು ನಿಶ್ಚಯಿಸಿದ್ದುವು. ಆ ವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋದ ಯು. ಆರ್. ಅನಂತಮೂರ್ತಿ ಅವರು ಅಲ್ಲಿಯೇ ಕುಳಿತು ‘ಸಂಸ್ಕಾರ’ವನ್ನು ಬರೆದರು. ಆ ಕಾದಂಬರಿಯನ್ನು 1976ರಲ್ಲಿ ಇಂಗ್ಲಿಷಿಗೆ ತಂದವರು ರಾಮಾನುಜನ್ ಅವರೇ. ಬ್ರಿಟಿಷ್ ಸರಕಾರದ ಹಣದಲ್ಲಿ ಓದಲು ಹೋದವರ ಕೃತಿ, ಅಮೇರಿಕನ್ ಸರಕಾರದ ಹಣದಲ್ಲಿ ಓದಲು ಹೋದವರ ಕೈಯಿಂದ ಜಗತ್ತಿಗೆ ತಲುಪಿತು. ಇದನ್ನು ಯಾವ ಮಂತ್ರಾಲಯವೂ ಮುಂದಾಗಿ ಲೆಕ್ಕ ಹಾಕಿರಲಿಲ್ಲ. ಬಿತ್ತಿದವನಿಗೆ ತೋಚದ ಬೆಳೆಯೂ ಒಮ್ಮೊಮ್ಮೆ ಬರುವುದುಂಟು.

ಬತ್ತುವ ಒರತೆ

ಹಾಗಾದರೆ ಸಪ್ಲಾಯರನ ಪ್ರಶ್ನೆಗೆ ಉತ್ತರವೇನು? ಅಮೇರಿಕೆಯು ಕನ್ನಡದ ಮೇಲಿನ ಮಮತೆಯಿಂದ ಹಣ ಕೊಡಲಿಲ್ಲ. ಲೋಕವನ್ನು ಅರಿಯದಿದ್ದರೆ ತನಗೆ ಕೇಡೆಂಬ ಭಯದಿಂದ ಕೊಟ್ಟಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಭಯದಿಂದ ಹುಟ್ಟಿದ ದಾನಕ್ಕೆ ಒಂದು ದೋಷವುಂಟು. ಭಯ ತಗ್ಗಿದಾಗ, ಅಥವಾ ಭಯದ ದಿಕ್ಕು ಬದಲಾದಾಗ, ಹಣವೂ ತಗ್ಗುತ್ತದೆ. 2006ರಲ್ಲಿ ಅಲ್ಲಿನ ಸರಕಾರ ಅತ್ಯಗತ್ಯ ಭಾಷೆಗಳಿಗೆಂದು ಹೊಸ ವಿದ್ಯಾರ್ಥಿವೇತನವನ್ನು ಆರಂಭಿಸಿದಾಗ ಹಿಂದಿ, ಉರ್ದು, ಬಂಗಾಲಿ, ಪಂಜಾಬಿಗಳಿಗೆ ಸ್ಥಾನ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. 2011ರಲ್ಲಿ ಭಾಷಾಕೇಂದ್ರಗಳ ಹಣವನ್ನು ಒಮ್ಮೆಲೇ ಶೇಕಡಾ 40ರಷ್ಟು ಕಡಿದರು. 2025ರ ಮಾರ್ಚಿನಲ್ಲಿ ಈ ಯೋಜನೆಗಳನ್ನು ನೋಡಿಕೊಳ್ಳುತ್ತಿದ್ದ ವಾಶಿಂಗ್ಟನ್ನಿನ ಕಚೇರಿಯ ಬಹುತೇಕ ಸಿಬ್ಬಂದಿಯನ್ನು ಕೆಲಸದಿಂದ ತೆಗೆದರು. ಅದೇ ವರ್ಷ ಕೇಂದ್ರಗಳಿಗೂ ವಿದ್ಯಾರ್ಥಿಗಳಿಗೂ ಮುಂದುವರಿಯಬೇಕಾಗಿದ್ದ ಹಣ ತಡೆಹಿಡಿಯಲ್ಪಟ್ಟಿತು.

ಹೊಟೇಲಿನಲ್ಲಿ ವ್ಯಾಪಾರ ಇಳಿದರೆ ಮಾಲಕನು ಮೊದಲು ಇಡ್ಲಿ, ದೋಸೆಗಳನ್ನು ನಿಲ್ಲಿಸುವುದಿಲ್ಲ. ದಿನಕ್ಕೆ ನಾಲ್ಕು ತಟ್ಟೆ ಹೋಗುವ ತಿಂಡಿಯನ್ನು ಕಾರ್ಡಿನಿಂದ ಅಳಿಸುತ್ತಾನೆ. ಐದಾರು ವಿದ್ಯಾರ್ಥಿಗಳ ಕನ್ನಡ ತರಗತಿಯ ಗತಿಯೂ ಅದೇ. ಒಮ್ಮೆ ಅಧ್ಯಾಪಕರು ಹೋದರೆ ಮರಳಿ ಆ ಪೀಠ ತುಂಬುವುದು ಸುಲಭವಲ್ಲ.

ನಮ್ಮ ಪಾಲು

ಪರರ ಬೊಕ್ಕಸವನ್ನು ದೂರುವುದಕ್ಕೆ ಮೊದಲು ನಮ್ಮ ಕಡೆಯನ್ನೂ ನೋಡೋಣ. ಮುಂಬಯಿಯ ಕಾಲಾ ಘೋಡಾದಲ್ಲಿ ಮ್ಯಾಕ್ಸ್ ಮುಲ್ಲರ್ ಭವನವಿದೆ. ಜರ್ಮನಿಯು ತನ್ನ ಭಾಷೆಯನ್ನು ನಮ್ಮ ಹುಡುಗರಿಗೆ ಕಲಿಸುವುದಕ್ಕಾಗಿ ತನ್ನ ಹಣವನ್ನು ಅಲ್ಲಿ ಹಾಕುತ್ತದೆ. ಕಲಿಯಬಯಸುವವರನ್ನು ಕಾಯುತ್ತ ಕೂರದೆ ಅವರಿದ್ದಲ್ಲಿಗೇ ಹೋಗಿದೆ. ನಮ್ಮಲ್ಲಿಯೂ ಪ್ರಯತ್ನಗಳಿಲ್ಲದೆ ಇಲ್ಲ. 1969ರಲ್ಲಿ ಭಾರತ ಸರಕಾರವು ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವನ್ನು ಸ್ಥಾಪಿಸಿತು. ಅದರ ಪ್ರಾದೇಶಿಕ ಕೇಂದ್ರಗಳಲ್ಲಿ ಬೇರೆ ರಾಜ್ಯಗಳ ಅಧ್ಯಾಪಕರು ಹತ್ತು ತಿಂಗಳಿದ್ದು ಇನ್ನೊಂದು ಭಾರತೀಯ ಭಾಷೆಯನ್ನು ಕಲಿಯುವ ಏರ್ಪಾಡು ನಡೆದು ಬಂದಿದೆ. 2008ರಲ್ಲಿ ಎರಡು ಸಂಗತಿಗಳಾದುವು. ಜುಲೈಯಲ್ಲಿ ಫುಲ್‌ಬ್ರೈಟ್ ಒಪ್ಪಂದವನ್ನು ಹೊಸದಾಗಿ ಬರೆದು ಭಾರತವೂ ಸಮಪಾಲಿನ ಹಣ ಹಾಕುವುದೆಂದು ಒಪ್ಪಿತು, ನೆಹರೂ ಅವರ ಹೆಸರೂ ಅದಕ್ಕೆ ಸೇರಿತು. ಅಕ್ಟೋಬರಿನಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆಯಿತು. ಗೌರವ ಬಂದಿತು, ಸಂತೋಷ. ಆದರೆ ಆ ಭಾಷೆಯನ್ನು ಕಲಿಯಲು ಬರುವವರಿಗೆ ಪರದೇಶದ ಒಂದು ಪೀಠವನ್ನು ಭದ್ರವಾಗಿ ಉಳಿಸಲು ತಗಲುವ ವೆಚ್ಚ, ಸನ್ಮಾನ ಸಮಾರಂಭಗಳ ಚಪ್ಪರದ ವೆಚ್ಚಕ್ಕಿಂತ ಹೆಚ್ಚೆಂದು ನಮಗೆ ತೋರುವುದಿಲ್ಲ. ಕರ್ನಾಟಕ ಸರಕಾರವೂ ಹೊರನಾಡಿನ ಸಿರಿವಂತ ಕನ್ನಡಿಗರೂ ಇದನ್ನು ಕುರಿತು ಆಲೋಚಿಸಬೇಕೆಂಬುದು ನಮ್ಮ ವಿನಂತಿ.

ಕಚೇರಿಗಳಲ್ಲಿ ದುಡಿಯುವ ನಮ್ಮ ತರುಣ ವಾಚಕರಿಗೂ ಒಂದು ಮಾತು. ಫುಲ್‌ಬ್ರೈಟ್-ನೆಹರೂ ಯೋಜನೆಯ ಸ್ನಾತಕೋತ್ತರ ವೇತನಕ್ಕೆ ಪದವಿಯ ಜೊತೆಗೆ ಕನಿಷ್ಠ ಮೂರು ವರ್ಷಗಳ ಉದ್ಯೋಗಾನುಭವವನ್ನು ಕೇಳುತ್ತಾರೆ. ಕೆಲಸಕ್ಕೆ ಸೇರಿದೆವು, ಇನ್ನು ಓದು ಮುಗಿಯಿತು ಎಂದು ಕೈಬಿಡುವವರು ಇದನ್ನು ನೆನಪಿನಲ್ಲಿಡಬೇಕು.

ಇನ್ನು ಹೊಟೇಲಿನ ಸೋದರರಿಗೆ ಏನು ಹೇಳೋಣ? ನಾವೂ ಎಸ್.ಎಸ್.ಎಲ್.ಸಿ. ಮುಗಿಸಿ, ಒಂದು ಟ್ರಂಕು ಹಿಡಿದು ಈ ನಗರಕ್ಕೆ ಇಳಿದವರೇ. ಮರಾಠಿ, ಹಿಂದಿ, ಗುಜರಾತಿಗಳನ್ನು ಮೇಜು ಒರಸುತ್ತ ಕಲಿತೆವು. ಯಾವ ಸರಕಾರವೂ ನಮಗೆ ವೇತನ ಕೊಡಲಿಲ್ಲ. ಗಿರಾಕಿಗಳ ಬೈಗುಳವೇ ನಮಗೆ ಪಾಠ, ತಪ್ಪು ಆರ್ಡರಿನ ಬೆಲೆಯೇ ನಮಗೆ ಶುಲ್ಕ. ಇಷ್ಟು ಭಾಷೆಗಳನ್ನು ಗಳಿಸಿದ ನಾವು, ತಾಯಿಯ ಮಡಿಲಲ್ಲಿ ಬಿಟ್ಟಿಯಾಗಿ ಬಂದುದನ್ನು ಮಾತ್ರ ನಾಲಗೆಯ ಹಿಂದೆ ಬಚ್ಚಿಡುತ್ತೇವೆ. ನಮ್ಮ ಮಕ್ಕಳಿಗೆ ಅದನ್ನು ಕಲಿಸಲು ಅನುದಾನ ಬೇಡ, ಕಾಯಿದೆ ಬೇಡ. ಮನೆಯಲ್ಲಿ ಆಡಿದರೆ ಸಾಕು.

ಆ ಸಂಜೆಯ ಬಳಿಕ ನಮ್ಮ ಸಪ್ಲಾಯರನಲ್ಲಿ ಒಂದು ಬದಲಾವಣೆ ಕಂಡಿದ್ದೇವೆ. ಹೊಸ ಗಿರಾಕಿ ಬಂದು ಕುಳಿತರೆ, ಆತ ಯಾರೇ ಇರಲಿ, ಇವನ ಮೊದಲ ಮಾತು “ಎಂತ ಬೇಕು?” ಎಂದೇ. ಅರ್ಥವಾಗದವರಿಗೆ ಹಿಂದಿಯಲ್ಲಿ ಕೇಳುತ್ತಾನೆ. ಆದರೆ ಮೊದಲ ಮಾತು ಕನ್ನಡವೇ.