ಅಜ್ಜಿ ರೇಡಿಯೋದಲ್ಲಿ 612 ಎಲ್ಲಿ ಹೋಯ್ತು?

ಇವತ್ತಿನ ಎಪಿಸೋಡ್ ಒಂದು ತಪ್ಪೊಪ್ಪಿಗೆ. ಬಿ.ಕಾಂ ಓದ್ತಿದ್ದಾಗ, ರಜೆಗೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಿ, ಅಜ್ಜಿಯ ಹಳೇ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿದ್ದೆ. ಅಮೆರಿಕದ ಯಾರೋ ಒಬ್ಬರು ಹಳೇ ಸಿಬಿ ರೇಡಿಯೋದ ಫ್ರೀಕ್ವೆನ್ಸಿ ಮನೇಲೇ ಸರಿ ಮಾಡೋ ವಿಡಿಯೋ ನೋಡಿದ್ದೆ. ಸಿಬಿ ಅಂದ್ರೆ ಅಲ್ಲಿನ ಲಾರಿ ಡ್ರೈವರ್‌ಗಳು ಒಬ್ಬರಿಗೊಬ್ಬರು ಮಾತಾಡೋ, 27 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ. ಅವರು ತಿರುಪು ತಿರುಗಿಸಿದ್ರು, ನಾನೂ ತಿರುಗಿಸಿದೆ. ಅಷ್ಟೇ ವ್ಯತ್ಯಾಸ: ಅವರಿಗೆ ಏನು ಮಾಡ್ತಿದ್ದೀನಿ ಅಂತ ಗೊತ್ತಿತ್ತು.

ಸಂಜೆ ಹೊತ್ತಿಗೆ ಆಕಾಶವಾಣಿ ಬೆಂಗಳೂರು 612ರ ಜಾಗದಲ್ಲಿ ಇರಲಿಲ್ಲ. ಮುಳ್ಳು 700ರ ಹತ್ತಿರ ಹೋದಾಗ, ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸ್ತಿತ್ತು. ಬೇರೆಯವರ ಮನೇಲಾದ್ರೆ ಇದು ದೊಡ್ಡ ವಿಷಯ ಅಲ್ಲ. ನಮ್ಮಜ್ಜಿಗೆ ಗ್ಲಾಕೋಮಾದಿಂದ ಕಣ್ಣು ಹೆಚ್ಚುಕಮ್ಮಿ ಹೋಗಿದೆ. ಗುಂಡೀನ ಒಂದು ತುದಿಗೆ ತಿರುಗಿಸಿ, ಅಲ್ಲಿಂದ ಬೆರಳಿನ ಲೆಕ್ಕದಲ್ಲಿ ಹಿಂದೆ ತಂದ್ರೆ ಪ್ರದೇಶ ಸಮಾಚಾರ ಸಿಗಬೇಕು. ಆ ಲೆಕ್ಕಾನೇ ನಾನು ಕೆಡಿಸಿದ್ದೆ. ಅಜ್ಜಿ ಬೈಲಿಲ್ಲ. "ಹಳೇದಾಯ್ತು ಬಿಡು ಮಗಾ, ಅದಕ್ಕೂ ವಯಸ್ಸಾಯ್ತು" ಅಂತ ರೇಡಿಯೋನೇ ಸಮಾಧಾನ ಮಾಡಿದ್ರು. ನಾನು ಎರಡು ವರ್ಷ ಬಾಯಿ ಬಿಡಲಿಲ್ಲ.

ಆಮೇಲೆ ಪೇಟೆಯಲ್ಲಿ ಅಂಗಡಿ ಮುಚ್ಚಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಫೋನಲ್ಲೇ ಪಾಠ ಹೇಳಿದ್ರು. ಅದನ್ನೇ ನಿಮಗೆ ಹೇಳ್ತಿದ್ದೀನಿ.

ಮೊದಲು ಒಳಗೇನು ನಡೆಯುತ್ತೆ ನೋಡಿ. ಈ ರೇಡಿಯೋ 612 ಕಿಲೋಹರ್ಟ್ಸ್ ಅನ್ನು ನೇರವಾಗಿ ದೊಡ್ಡದು ಮಾಡಲ್ಲ. ಒಳಗೇ ಒಂದು ಪುಟ್ಟ ಆಸಿಲೇಟರ್ ಇರುತ್ತೆ. ಅದು ಯಾವಾಗಲೂ ಸ್ಟೇಷನ್‌ಗಿಂತ 455 ಜಾಸ್ತಿಯಲ್ಲಿ ಓಡಬೇಕು, ಅಂದ್ರೆ 612ಕ್ಕೆ 1067. ಎರಡೂ ಬೆರೆತಾಗ ಬರೋ ವ್ಯತ್ಯಾಸ 455. ಯಾವ ಸ್ಟೇಷನ್ ಹಾಕಿದ್ರೂ ಕೊನೆಗೆ ಉಳಿಯೋದು ಅದೇ 455, ಮುಂದಿನ ಭಾಗಗಳು ಅದೊಂದನ್ನೇ ದೊಡ್ಡದು ಮಾಡ್ತವೆ. ಕಾಮರ್ಸ್ ಭಾಷೇಲಿ ಹೇಳೋದಾದ್ರೆ ಫಿಕ್ಸೆಡ್ ಮಾರ್ಜಿನ್. ನನ್ನ ರೇಡಿಯೋದಲ್ಲಿ ಡಯಲ್ 700 ಅಂದಾಗ ಆಸಿಲೇಟರ್ 1155ರಲ್ಲಿ ಇರಬೇಕಿತ್ತು, ಆದ್ರೆ 1067ರಲ್ಲೇ ಕೂತಿತ್ತು. ಅದಕ್ಕೇ ಬೆಂಗಳೂರು 700ರಲ್ಲಿ ಕೇಳಿಸಿದ್ದು.

ಬಿಚ್ಚಿದ್ರೆ ಬೋರ್ಡ್ ಮೇಲೆ ಸಕ್ಕರೆ ಕಾಳಿಗಿಂತ ಸ್ವಲ್ಪ ದೊಡ್ಡ... ಅಲ್ಲಲ್ಲ, ಕಡಲೆ ಕಾಳಿನಷ್ಟು ದೊಡ್ಡ ತಗಡಿನ ಡಬ್ಬಿಗಳು ಕಾಣ್ತವೆ, ತಲೆ ಮೇಲೆ ಬಣ್ಣ. ಸಾಮಾನ್ಯವಾಗಿ ಕೆಂಪು ಆಸಿಲೇಟರ್ ಕಾಯಿಲ್. ಹಳದಿ, ಬಿಳಿ, ಕಪ್ಪು ಐಎಫ್‌ಟಿಗಳು, ಅಂದ್ರೆ ಆ 455ರವು. ಡಯಲ್ ಮಾತ್ರ ತಪ್ಪಿದ್ರೆ ಐಎಫ್‌ಟಿಗಳನ್ನ ಮುಟ್ಟಲೇಬೇಡಿ. ನಾನು ಮುಟ್ಟಿ ಆಗಿತ್ತಲ್ಲ! ಹಾಗಾಗಿ ಬೆಂಗಳೂರನ್ನು ಎಲ್ಲಿ ಸಿಕ್ಕುತ್ತೋ ಅಲ್ಲೇ ಹಿಡಿದು, ವಾಲ್ಯೂಮ್ ಕಮ್ಮಿ ಮಾಡಿ, ಕಪ್ಪಿನಿಂದ ಹಿಂದಕ್ಕೆ ಬಿಳಿ, ಹಳದಿ ಅಂತ ಒಂದೊಂದನ್ನೂ ಕಾಲು ಸುತ್ತಿಗಿಂತ ಕಮ್ಮಿ ಅಲ್ಲಾಡಿಸಿ, ದನಿ ಜೋರಾದ ಕಡೆ ನಿಲ್ಲಿಸ್ದೆ. ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಅದು ಹತ್ತಿರ ಬಂದ್ರೇನೇ ಕಾಯಿಲ್‌ನ ಗುಣ ಬದಲಾಗುತ್ತೆ, ತೆಗೆದ ತಕ್ಷಣ ಎಲ್ಲ ಮತ್ತೆ ಜಾರುತ್ತೆ. ಬಿದಿರು ಕಡ್ಡಿಯ ತುದಿ ಚಪ್ಪಟೆ ಕೆತ್ತಿಕೊಂಡೆ. ಬಲವಂತ ಮಾಡಿದ್ರೆ ಒಳಗಿನ ಫೆರೈಟ್ ಬಿರುಕು ಬಿಡುತ್ತೆ, ಆಮೇಲೆ ಕಥೆ ಮುಗೀತು.

ಈಗ ಡಯಲ್. ಮುಳ್ಳನ್ನು 612ರ ಜಾಗಕ್ಕೆ, ಅಂದ್ರೆ 600 ದಾಟಿ ಒಂಚೂರು ಮುಂದೆ ನಿಲ್ಲಿಸಿ, ಕೆಂಪು ಕಾಯಿಲ್ ನಿಧಾನಕ್ಕೆ ತಿರುಗಿಸಿ. ಸ್ಟೇಷನ್ ಡಯಲ್ ಮೇಲೆ ಮುಂದೆ ಹೋಗಿದ್ರೆ ಆಸಿಲೇಟರ್ ಕಮ್ಮಿ ಓಡ್ತಿದೆ, ತಿರುಪು ಹೊರಗೆ ಬರಬೇಕು. ಹಿಂದೆ ಹೋಗಿದ್ರೆ ಒಳಗೆ.

ಮೇಲಿನ ತುದಿಗೆ ಏನು ಮಾಡೋದು? ಹಗಲಲ್ಲಿ ನಮ್ಮೂರಲ್ಲಿ 1000 ದಾಟಿದ್ರೆ ಬರೀ ಸೊರ್ ಅನ್ನೋ ಸದ್ದು. ಇಲ್ಲಿ ಮೆಕ್ಯಾನಿಕ್ ಹೇಳಿದ ಉಪಾಯ ಕೇಳಿ ನಾನು ಕೂತಲ್ಲೇ ನಕ್ಕುಬಿಟ್ಟೆ. ಪಕ್ಕದ ಮನೆಯಿಂದ ಇದೇ ಥರದ, ಮುಳ್ಳಿರೋ ಇನ್ನೊಂದು ಹಳೇ ರೇಡಿಯೋ ತಂದು, ಅದರಲ್ಲಿ 612 ಹಾಕು ಅಂದ್ರು. ಅದರೊಳಗಿನ ಆಸಿಲೇಟರ್ 1067ರಲ್ಲಿ ಓಡ್ತಿರುತ್ತೆ, ಚೂರು ಹೊರಗೂ ಸೋರುತ್ತೆ! ಎರಡನ್ನೂ ಅಕ್ಕಪಕ್ಕ ಇಟ್ರೆ, ನಮ್ಮ ರೇಡಿಯೋದಲ್ಲಿ 1067ರ ಹತ್ತಿರ ಆ ಸೊರಸೊರ ಸದ್ದು ತಟ್ಟಂತ ಅಡಗುತ್ತೆ. ಅದೇ ಗುರುತು. ಧಾರವಾಡ 765 ಸಿಕ್ಕಿದ್ರೆ ಇನ್ನೊಂದು ಗುರುತು 1220ರಲ್ಲಿ. ಮುಳ್ಳನ್ನು ಅಲ್ಲಿಟ್ಟು, ಗ್ಯಾಂಗ್ ಕಂಡೆನ್ಸರ್ ಬೆನ್ನಿನ ಮೇಲಿರೋ ಆಸಿಲೇಟರ್ ಟ್ರಿಮ್ಮರ್ ತಿರುಗಿಸಬೇಕು, ಸದ್ದು ಅಡಗೋವರೆಗೆ. ಆಗ ಕೆಳಗಿನ 612 ಮತ್ತೆ ಸ್ವಲ್ಪ ಸರಿದಿರುತ್ತೆ. ಮತ್ತೆ ಕೆಂಪು, ಮತ್ತೆ ಟ್ರಿಮ್ಮರ್. ನನಗೆ ನಾಲ್ಕು ಸಲ ಬೇಕಾಯ್ತು.

ಕೊನೆಗೆ ಫೆರೈಟ್ ರಾಡ್ ಮೇಲಿನ ಕಾಯಿಲನ್ನು ಆ ಕಡೆ ಈ ಕಡೆ ಜರುಗಿಸಿ, 612 ಅತಿ ಜೋರಾಗಿ ಕೇಳೋ ಕಡೆ ಬಿಡೋದು. ಮೇಲಿನ ತುದಿಗೆ ಆಂಟೆನಾ ಟ್ರಿಮ್ಮರ್ ಇದೆ, ಅಷ್ಟೇ.

ಎರಡು ಮಾತು ಮರೀಬೇಡಿ. ಇದೆಲ್ಲ ಬ್ಯಾಟರಿ ಸೆಟ್‌ಗೆ ಮಾತ್ರ. ವಾಲ್ವ್ ರೇಡಿಯೋದೊಳಗೆ ಜೀವ ತೆಗೆಯೋಷ್ಟು ವೋಲ್ಟೇಜ್ ಇರುತ್ತೆ. ಮತ್ತೆ, ಸಿಬಿ ಸೆಟ್ ಕೈಗೆ ಸಿಕ್ಕಿದ್ರೆ ಈ ಕಿವಿಯ ಲೆಕ್ಕ ನಡೆಯಲ್ಲ. ಅಮೆರಿಕದಲ್ಲಿ ಅದಕ್ಕೆ 40 ಚಾನೆಲ್, ಹೆಚ್ಚಿನವು ಬರೀ 10 ಕಿಲೋಹರ್ಟ್ಸ್ ಅಂತರದಲ್ಲಿ. ಅದು ಪ್ರಸಾರವನ್ನೂ ಮಾಡೋದರಿಂದ ಜಾರಿದ್ರೆ ಪಕ್ಕದವರ ಮಾತಿನ ಮೇಲೆ ಹೋಗಿ ಬೀಳುತ್ತೆ. ಆ ವಿಡಿಯೋದವರು ಆಂಟೆನಾ ತೆಗೆದು ಡಮ್ಮಿ ಲೋಡ್ ಹಾಕಿ, ಫ್ರೀಕ್ವೆನ್ಸಿ ಕೌಂಟರ್ ನೋಡ್ಕೊಂಡು ಮಾಡಿದ್ದು ಅದಕ್ಕೇ. ನಾನು ಆ ಭಾಗ ಸ್ಕಿಪ್ ಮಾಡಿದ್ದೆ.

ಮಾರನೇ ದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಗುಂಡಿ ತುದಿಗೆ ತಿರುಗಿಸಿ, ಬೆರಳಿನ ಲೆಕ್ಕ ಹಾಕಿ ಹಿಂದೆ ತಂದ್ರು. ಬೆಂಗಳೂರು ಸಿಕ್ತು. ಆಗ ಎಲ್ಲ ಒಪ್ಪಿಕೊಂಡೆ. ಕಾಯಿಲ್ ಮತ್ತೆ ಜಾರದ ಹಾಗೆ ಮೇಣದಬತ್ತಿ ಕರಗಿಸಿ ಹಾಕಿದ್ದೀನಿ ಅಂದೆ.

"ಇನ್ನೂ ಸ್ವಲ್ಪ ಹಾಕು," ಅಂದ್ರು ಅಜ್ಜಿ, "ನೀನು ಮತ್ತೆ ಬಿಚ್ಚದ ಹಾಗೆ."