ಕುರ್ಚಿ ಕೊಳ್ಳುವ ಮೊದಲು ಟೇಪು ಹಿಡಿಯಿರಿ

ಎರಡು ವರ್ಷದ ಹಿಂದೆ, ಕಾಫಿ ಕೊಯ್ಲು ಮುಗಿದ ಹೊತ್ತಿಗೆ, ನಮ್ಮ ಗೆಳೆಯನೊಬ್ಬನ ಮನೆಗೆ ಹೊಸ ಕುರ್ಚಿ ಬಂತು. ಅವನದು ಕಳಸದ ಆಚೆಯ ಒಂದು ಹಳ್ಳಿ. ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸಕ್ಕೆ ಹೋಗುವವರು. "ಹುಡುಗ ರಾತ್ರಿ ಒಂದು ಗಂಟೆವರೆಗೂ ಕೂತು ಓದ್ತಾನೆ, ಬೆಳಿಗ್ಗೆ ಎದ್ರೆ ಸೊಂಟ ಹಿಡ್ಕೊಂಡು ಓಡಾಡ್ತಾನೆ" ಅಂತ ಕೊಯ್ಲಿನ ಕೂಲಿಯಲ್ಲಿ ಹನ್ನೊಂದು ಸಾವಿರ ರೂಪಾಯಿ ಉಳಿಸಿ ಆನ್‌ಲೈನಿನಲ್ಲಿ ತರಿಸಿಕೊಟ್ಟಿದ್ದರು. ಕೆಂಪು-ಕಪ್ಪು ಬಣ್ಣ, ರೇಸ್ ಕಾರಿನ ಸೀಟಿನ ಹಾಗೆ ಎರಡು ಕಡೆ ರೆಕ್ಕೆ, ಕುತ್ತಿಗೆಗೊಂದು ದಿಂಬು. ನಾವೆಲ್ಲ ಸರದಿಯಲ್ಲಿ ಕೂತು, ಒಂದೊಂದು ಸುತ್ತು ತಿರುಗಿ, ಫೋಟೋ ತೆಗೆಸಿಕೊಂಡೆವು.

ಮೊದಲ ಮಳೆಗಾಲಕ್ಕೆ ಅದಕ್ಕೆ ಬೂಷ್ಟು ಹಿಡಿಯಿತು. ಎರಡನೇ ಮಳೆಗಾಲಕ್ಕೆ ಸಿಪ್ಪೆ ಏಳಲು ಶುರುವಾಯಿತು. ಸೊಂಟನೋವು ಮಾತ್ರ ಎಲ್ಲೂ ಹೋಗಲಿಲ್ಲ.

ಎಲ್ಲಿ ತಪ್ಪಿತು? ಇಂಜಿನಿಯರಿಂಗ್ ಓದುವವರಾಗಿ ನಾವು ಮೊದಲೇ ಕೇಳಬೇಕಿದ್ದ ಪ್ರಶ್ನೆ ಇದು. ಕೇಳಿದ್ದು ತಡವಾಗಿ. ಮೂಡಿಗೆರೆಯಲ್ಲಿ ಮರಗೆಲಸ ಮಾಡುವ ಒಬ್ಬ ಆಚಾರ್ರ ಹತ್ತಿರ ಹೋಗಿ, "ಓದೋ ಕುರ್ಚಿ ಎಷ್ಟು ಎತ್ತರ ಇರ್ಬೇಕು?" ಅಂತ ಕೇಳಿದೆವು. ಅವರು ತಲೆ ಎತ್ತದೆ, "ಯಾರು ಕೂರೋದು?" ಅಂದರು. ಅಷ್ಟೇ. ಉಳಿದದ್ದೆಲ್ಲ ಆ ಒಂದು ಮಾತಿನ ವಿವರಣೆ.

ನಾಲ್ಕು ಅಳತೆ

ಒಂದು ಟೇಪು, ಒಬ್ಬ ಗೆಳೆಯ, ಐದು ನಿಮಿಷ ಸಾಕು. ಗಟ್ಟಿ ಬೆಂಚಿನ ಮೇಲೆ ಪಾದ ನೆಲಕ್ಕೆ ಊರಿ ಕೂತುಕೊಳ್ಳಿ.

ಮೊದಲನೆಯದು, ನೆಲದಿಂದ ಮಂಡಿಯ ಹಿಂಬದಿಯ ಮಡಿಕೆವರೆಗಿನ ಎತ್ತರ. ಸೀಟಿನ ಎತ್ತರ ಇದಕ್ಕೆ ಸಮ ಇರಬೇಕು, ಇಲ್ಲವೇ ಒಂದು ಬೆರಳು ಕಡಿಮೆ. ಸೀಟು ಎತ್ತರವಾದರೆ ಪಾದ ನೇತಾಡುತ್ತದೆ, ಸೀಟಿನ ಅಂಚು ತೊಡೆಯ ಕೆಳಗೆ ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಕಾಲು ಜೋಮು ಹಿಡಿಯುತ್ತದೆ.

ಎರಡನೆಯದು, ಬೆನ್ನಿನ ತುದಿಯಿಂದ ಮಂಡಿಯ ಹಿಂಬದಿವರೆಗಿನ ಉದ್ದ. ಸೀಟಿನ ಆಳ ಇದಕ್ಕಿಂತ ಮೂರು ಬೆರಳಷ್ಟು ಕಡಿಮೆ ಇರಬೇಕು. ಆಳ ಹೆಚ್ಚಾದರೆ ಬೆನ್ನು ಒರಗಿಗೆ ತಾಗುವುದೇ ಇಲ್ಲ. ನಾವು ಅಂಚಿಗೆ ಜಾರಿ ಕೂರುತ್ತೇವೆ, ದುಡ್ಡು ಕೊಟ್ಟ ಒರಗು ಹಿಂದೆ ಸುಮ್ಮನೆ ನಿಂತಿರುತ್ತದೆ.

ಮೂರನೆಯದು, ಸೀಟಿನಿಂದ ಮೊಣಕೈವರೆಗಿನ ಎತ್ತರ, ತೋಳು ಸಡಿಲವಾಗಿ ಇಳಿಬಿಟ್ಟಾಗ. ಇದನ್ನು ಮೇಜಿನ ಜೊತೆ ಹೋಲಿಸಬೇಕು. ಬರೆಯುವಾಗ ಮೇಜು ಮೊಣಕೈಗಿಂತ ಎರಡು-ಮೂರು ಸೆಂಟಿಮೀಟರ್ ಮೇಲಿದ್ದರೆ ಸರಿ. ಅದಕ್ಕಿಂತ ತುಂಬಾ ಮೇಲಿದ್ದರೆ ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ.

ನಾಲ್ಕನೆಯದು, ಸೊಂಟದ ಕುಳಿ, ಅಂದರೆ ಬೆಲ್ಟ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ ಬೆನ್ನು ಒಳಗೆ ಬಾಗಿರುವ ಜಾಗ. ಒರಗಿನ ಉಬ್ಬು ಅಲ್ಲಿಗೇ ತಾಗಬೇಕು. ಅಂಗಡಿಯಲ್ಲಿ ಕೂತಾಗ ಅದು ಬೆನ್ನಿನ ನಡುಮಧ್ಯಕ್ಕೆ ತಾಗಿದರೆ ಆ ಕುರ್ಚಿ ನಿಮಗಿಂತ ಎತ್ತರದವರಿಗೆ ಮಾಡಿದ್ದು.

ಈಗ ನಮ್ಮ ಗೆಳೆಯನ ಲೆಕ್ಕ ನೋಡಿ. ಮಂಡಿಯ ಎತ್ತರ 40 ಸೆಂ.ಮೀ. ಮೊಣಕೈ ಸೀಟಿನಿಂದ 21. ಮೇಜು 75. ಕುರ್ಚಿಯನ್ನು ಪೂರ್ತಿ ಇಳಿಸಿದರೂ ಸೀಟು 47ರಲ್ಲೇ ನಿಲ್ಲುತ್ತದೆ. ಅಂದರೆ ಪಾದ ನೆಲದಿಂದ 7 ಸೆಂ.ಮೀ. ಮೇಲೆ. ಮೊಣಕೈ ಬರುವುದು 68ಕ್ಕೆ, ಮೇಜು ಇನ್ನೂ 7 ಸೆಂ.ಮೀ. ಮೇಲೆ. ಕಾಲಿಗೂ ಸರಿಯಿಲ್ಲ, ಕೈಗೂ ಸರಿಯಿಲ್ಲ. ಕುರ್ಚಿ ಕೆಟ್ಟದ್ದೇನಲ್ಲ, ಅವನದ್ದಲ್ಲ ಅಷ್ಟೇ.

ಪರಿಹಾರ ಮೊದಲಿಗೆ ಉಲ್ಟಾ ಅನಿಸುತ್ತದೆ. ಕುರ್ಚಿಯನ್ನು ಇನ್ನೂ ಏರಿಸಬೇಕು. ಸೀಟು 51ಕ್ಕೆ ಬಂದರೆ ಮೊಣಕೈ 72, ಮೇಜು ಬರೀ 3 ಸೆಂ.ಮೀ. ಮೇಲೆ. ಕಾಲಡಿಗೆ 11 ಸೆಂ.ಮೀ. ಎತ್ತರದ ಹಲಗೆ. ಮೇಜಿಗೆ ಕುರ್ಚಿ ಹೊಂದಬೇಕು, ಕುರ್ಚಿಗೆ ನೆಲ ಹೊಂದಬೇಕು. ಮೇಜಿನ ಕಾಲು ಕೊಯ್ಯಲು ಮನೆಯಲ್ಲಿ ಬಿಡುವುದಾದರೆ ಅದೂ ಒಂದು ದಾರಿ!

ನೆಟ್ಟಗೆ ಕೂತರೆ ಸಾಕಾ?

"ನೆಟ್ಟಗೆ ಕೂತ್ಕೋ" ಅಂತ ಬೈಸಿಕೊಳ್ಳದವರು ನಮ್ಮಲ್ಲಿ ಯಾರಿದ್ದಾರೆ? 1960ರ ದಶಕದಲ್ಲಿ ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಚೆಮ್ಸನ್ ಬೆನ್ನೆಲುಬಿನ ಡಿಸ್ಕ್‌ಗಳೊಳಗಿನ ಒತ್ತಡ ಅಳೆದು, ನಿಂತಾಗಿಗಿಂತ ಕೂತಾಗ ಒತ್ತಡ ಹೆಚ್ಚು ಅಂದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಜೊತೆಗಾರರು ಒಬ್ಬ ಆರೋಗ್ಯವಂತನ ಡಿಸ್ಕಿನೊಳಗೆ ಸಂವೇದಕ ಇಟ್ಟು ಮತ್ತೆ ಅಳೆದರು. ಸುಮ್ಮನೆ ನಿಂತಾಗ 0.50 ಮೆಗಾಪಾಸ್ಕಲ್, ಒರಗಿಲ್ಲದೆ ಸಡಿಲವಾಗಿ ಕೂತಾಗ 0.46, ಪೂರ್ತಿ ಮುಂದಕ್ಕೆ ಬಾಗಿ ಕೂತಾಗ 0.83, ಕುರ್ಚಿಗೆ ಒರಗಿ ಜಾರಿ ಕೂತಾಗ 0.27. ಒಬ್ಬನೇ ವ್ಯಕ್ತಿಯ ಅಳತೆ, ನಿಜ. ಆದರೂ ಎರಡು ಮಾತು ಹೊಳೆಯುತ್ತವೆ: ಬೆನ್ನಿಗೆ ಒರಗು ಸಿಕ್ಕರೆ ಭಾರ ಇಳಿಯುತ್ತದೆ, ಪುಸ್ತಕದ ಮೇಲೆ ಬಗ್ಗಿದರೆ ಏರುತ್ತದೆ.

ಹಾಗಾದರೆ ಹಳೇ ಎಸ್ಟೇಟ್ ಬಂಗಲೆಗಳ ಜಗಲಿಯಲ್ಲಿ ಇರುವ ಈಸಿ ಚೇರೇ ಒಳ್ಳೇದಾ? ಉದ್ದ ಕೈಗಳ ಮೇಲೆ ಕಾಲು ಚಾಚುವ, ಬೆತ್ತ ಹೆಣೆದ ಆ ಕುರ್ಚಿ ತೋಟ ಸುತ್ತಿ ಬಂದವರಿಗೆ ಸರಿ. ಮೇಜಿನ ಮುಂದೆ ಅದು ಬೇಡ. ಬೆನ್ನು ಹಿಂದೆ, ಪುಸ್ತಕ ಮುಂದೆ, ನಡುವೆ ಕುತ್ತಿಗೆ ಒಂದೇ ಎಳೆದಾಡಬೇಕಾಗುತ್ತದೆ. ಕಾದಂಬರಿ ಓದಲು ಅದು, ಕಂಟ್ರೋಲ್ ಸಿಸ್ಟಮ್ಸ್ ಲೆಕ್ಕ ಬಿಡಿಸಲು ಬೇರೆ.

ಬಗ್ಗುವುದು ತಪ್ಪಬೇಕಾದರೆ ಪುಸ್ತಕವೇ ಮೇಲೆ ಬರಬೇಕು. ಡೆನ್ಮಾರ್ಕಿನ ಶಸ್ತ್ರವೈದ್ಯ ಎ. ಸಿ. ಮಂಡಲ್ ಶಾಲೆಯ ಮೇಜು ಇಳಿಜಾರಾಗಿರಲಿ ಅಂತ ವರ್ಷಗಟ್ಟಲೆ ವಾದಿಸಿದರು. ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಗ್ರಂಥ ಓದಲು ವ್ಯಾಸಪೀಠ, ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಿಗೆ ಇಳಿಜಾರು ಮುಚ್ಚಳದ ಪೆಟ್ಟಿಗೆ. ಲ್ಯಾಪ್‌ಟಾಪನ್ನು ನಾಲ್ಕು ಪುಸ್ತಕದ ಮೇಲೆ ಏರಿಸಿ, ಬೇರೆ ಕೀಬೋರ್ಡ್ ಹಾಕಿಕೊಂಡರೆ ಅದೇ ಕೆಲಸ ಆಗುತ್ತದೆ.

ನಮ್ಮ ಮಳೆಗೆ ತಕ್ಕ ಕುರ್ಚಿ

ಆನ್‌ಲೈನ್ ವಿಮರ್ಶೆ ಬರೆಯುವವರು ಆಷಾಢದ ಮಲೆನಾಡು ನೋಡಿರುವುದಿಲ್ಲ. ಇಲ್ಲಿ ಒಣಗಿಸಿದ ಬಟ್ಟೆ ನಾಲ್ಕು ದಿನವಾದರೂ ಹಸಿ ಇರುತ್ತದೆ.

"ಲೆದರ್" ಅಂತ ಮಾರುವ ಕಡಿಮೆ ಬೆಲೆಯ ಹೊದಿಕೆ ಬಹುಮಟ್ಟಿಗೆ ಬಟ್ಟೆಯ ಮೇಲೆ ಬಳಿದ ಪಾಲಿಯುರಥೇನ್ ಪದರ. ಗಾಳಿಯ ತೇವದ ನೀರು ಅದರ ಅಣುಸರಪಳಿಯನ್ನು ನಿಧಾನಕ್ಕೆ ಕತ್ತರಿಸುತ್ತದೆ. ಕೆಮಿಸ್ಟ್ರಿಯಲ್ಲಿ ಓದಿದ ಹೈಡ್ರಾಲಿಸಿಸ್ ಇದೇ. ಸಿಪ್ಪೆ ಏಳುವುದು ಅದರಿಂದ. ದಪ್ಪ ಫೋಮ್ ತೇವ ಹಿಡಿದಿಟ್ಟುಕೊಂಡು ಬೂಷ್ಟಿಗೆ ಮನೆ ಕೊಡುತ್ತದೆ. ಹಾಗಾಗಿ ಇಲ್ಲಿಗೆ ಜಾಲರಿ ಬಟ್ಟೆಯ ಒರಗು, ಬೆತ್ತ ಹೆಣೆದ ಸೀಟು ಅಥವಾ ಚೆನ್ನಾಗಿ ಒಣಗಿದ ಮರ ಒಳ್ಳೆಯದು. ಹಸಿಮರದ ಕುರ್ಚಿ ಬೇಸಿಗೆಗೆ ಸೊಟ್ಟಗಾಗುತ್ತದೆ, ಕೂತರೆ ಕಿರ್ರೆನ್ನುತ್ತದೆ. ಮೆತ್ತೆ ಬೇಕಿದ್ದರೆ ಬಿಚ್ಚಿ ಬಿಸಿಲಿಗೆ ಹಾಕುವಂಥದ್ದು ಇರಲಿ. ಮುಷ್ಟಿಯಿಂದ ಒತ್ತಿದಾಗ ಅಡಿಯ ಹಲಗೆ ಕೈಗೆ ಸಿಕ್ಕರೆ ಆ ಮೆತ್ತೆ ಬೇಡ. ಚಕ್ರದ ಕುರ್ಚಿಯಾದರೆ ಐದು ಕಾಲಿನದು ತೆಗೆದುಕೊಳ್ಳಿ, ನಾಲ್ಕು ಕಾಲಿನದಕ್ಕಿಂತ ಮಗುಚುವ ಭಯ ಕಡಿಮೆ.

ದುಡ್ಡಿಲ್ಲದಿದ್ದರೆ?

ಇದನ್ನೇ ಮೊದಲು ಹೇಳಬೇಕಿತ್ತು. ಮನೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಂಬಳಿ ಮಡಿಸಿ ಹಾಕಿ, ಬೇಕಾದ ಎತ್ತರ ಬರುವವರೆಗೆ. ಸೊಂಟದ ಕುಳಿಗೆ ಟವೆಲ್ ಸುತ್ತಿ ದಾರ ಕಟ್ಟಿ. ಕಾಲಡಿಗೆ ಮಣೆ. ಕುರ್ಚಿಯ ಕಾಲಡಿಗೆ ಮಾತ್ರ ಇಟ್ಟಿಗೆ ಇಡಬೇಡಿ, ನುಣುಪು ಕಾವಿ ನೆಲದ ಮೇಲೆ ಜಾರಿದರೆ ಸೊಂಟನೋವು ಹೋಗಿ ಸೊಂಟವೇ ಹೋದೀತು.

ಎಂಥ ಕುರ್ಚಿಯೇ ಆಗಲಿ, ಅರ್ಧ ಗಂಟೆಗೊಮ್ಮೆ ಎದ್ದೇಳಿ. ದೊಡ್ಡವರ ಬೆನ್ನಿನ ಡಿಸ್ಕಿನ ಒಳಗಡೆ ರಕ್ತನಾಳ ಇಲ್ಲ. ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬರುವುದೇ ಅದರ ಆಹಾರ. ನಾವು ಅಲುಗಾಡದೆ ಕೂತರೆ ಅದಕ್ಕೆ ಒಂದೇ ಸಮನೆ ಒತ್ತಡ. ಒಂದು ಲೋಟ ಕಾಫಿಗೆ ಅಡುಗೆಮನೆಗೆ ಹೋಗಿ ಬನ್ನಿ, ಕೂತಲ್ಲಿಗೆ ತರಿಸಿಕೊಳ್ಳಬೇಡಿ. ನೋವು ಕಾಲಿಗೆ ಇಳಿದು ಜೋಮು ಬಿಡದಿದ್ದರೆ ಮಾತ್ರ ಕುರ್ಚಿ ಬದಲಿಸುತ್ತಾ ಕೂರದೆ ವೈದ್ಯರಿಗೆ ತೋರಿಸಿ.

ಗೆಳೆಯನ ಕುರ್ಚಿ ಈಗಲೂ ಇದೆ. ಸಿಪ್ಪೆ ಎದ್ದ ಹೊದಿಕೆ ಕಿತ್ತು ಅವನಮ್ಮ ಹಳೇ ಸೀರೆಯ ಗವಸು ಹೊಲಿದಿದ್ದಾರೆ. ಕಾಲಡಿಗೆ ಸಿಲ್ವರ್ ಓಕ್ ಹಲಗೆಯ ಒಂದು ಪುಟ್ಟ ಪೆಟ್ಟಿಗೆ, ಸರಿಯಾಗಿ 11 ಸೆಂಟಿಮೀಟರ್. ಅದನ್ನು ಹೊಡೆದುಕೊಟ್ಟವರು ಅದೇ ಆಚಾರ್ರು, ದುಡ್ಡು ಬೇಡ ಅಂದರು. ಸೊಂಟನೋವು ಪೂರ್ತಿ ಹೋಗಿಲ್ಲ, ಆದರೆ ಬೆಳಿಗ್ಗೆ ಎದ್ದು ಸೊಂಟ ಹಿಡಿದುಕೊಳ್ಳುವುದು ನಿಂತಿದೆಯಂತೆ. "ಆ ಹನ್ನೊಂದು ಸಾವಿರದಲ್ಲಿ ಅಮ್ಮನಿಗೆ ಏನಾದ್ರೂ ತಗೋಬಹುದಿತ್ತು ಕಣ್ರೋ" ಅಂತ ಅವನು ಒಮ್ಮೆ ಅಂದಿದ್ದ. ಅದಕ್ಕೇ ಇಷ್ಟೆಲ್ಲ ಬರೆದೆವು.

ಟೇಪು ನಮ್ಮ ಸಂಘದ ಕೋಣೆಯ ಕಪಾಟಿನಲ್ಲಿದೆ. ಕುರ್ಚಿಗೆ ಆರ್ಡರ್ ಹಾಕುವ ಮೊದಲು ಒಮ್ಮೆ ಬನ್ನಿ.