ದೈವಶಾಸನವೂ ರಾಜಶಾಸನವೂ

ರಾಜಶಾಸನವು ಒಂದನ್ನು ವಿಧಿಸಿ, ಅಂತರಾತ್ಮದಲ್ಲಿ ನುಡಿಯುವ ದೈವಶಾಸನವು ಮತ್ತೊಂದನ್ನು ವಿಧಿಸಿದಲ್ಲಿ ಮನುಷ್ಯನು ಯಾವುದಕ್ಕೆ ತಲೆಬಾಗತಕ್ಕದ್ದು? ದೈವಶಾಸನಕ್ಕೇ ಎಂದುಬಿಡುವುದು ಸುಲಭ. ಹಾಗೆಂದವನು ರಾಜದಂಡಕ್ಕೆ ಏನು ಹೇಳಬೇಕೆಂಬುದೇ ಕಠಿಣವಾದ ಪ್ರಶ್ನೆ. ಅದನ್ನು ವಾಚಕರ ಮುಂದಿಡಲು ಗ್ರೀಕರ ಸಾಕ್ರೆಟೀಸನಿಗಿಂತ ತಕ್ಕವರನ್ನು ನಾವು ಕಾಣೆವು.

ಅಥೆನ್ಸ್ ನಗರವನ್ನು ಮೂವತ್ತು ಜನ ನಿರಂಕುಶರು ಆಳುತ್ತಿದ್ದಾಗ, ಸಲಾಮಿಸ್ ದ್ವೀಪದ ಲಿಯೋನನೆಂಬ ನಿರಪರಾಧಿಯನ್ನು ಕೊಲ್ಲುವುದಕ್ಕಾಗಿ ಹಿಡಿದು ತರುವಂತೆ ಐವರಿಗೆ ಆಜ್ಞೆಯಾಯಿತು. ನಾಲ್ವರು ಹೋದರು, ಸಾಕ್ರೆಟೀಸನು ನೆಟ್ಟಗೆ ಮನೆಗೆ ನಡೆದನು. ಕ್ರಿ. ಪೂ. 399ರಲ್ಲಿ ಅವನ ಮೇಲೆಯೇ ವಿಚಾರಣೆ ನಡೆದಾಗ, ಪೌರರ ಮಾತಿಗಿಂತ ದೇವರ ಮಾತೇ ತನಗೆ ಹೆಚ್ಚೆಂದು ನ್ಯಾಯಸಭೆಗೆ ತಿಳಿಸಿದನು. ಮರಣದಂಡನೆಯಾಯಿತು. ಆದರೆ ಗೆಳೆಯ ಕ್ರಿಟೋ ಸೆರೆಯಿಂದ ಪಾರುಮಾಡಲು ಏರ್ಪಾಡು ಮಾಡಿಕೊಂಡು ನಸುಕಿನಲ್ಲಿಯೇ ಬಂದರೆ, ಅದೇ ಮುದುಕನು ಒಲ್ಲೆನೆಂದನು! ನಗರದ ಕಾನೂನುಗಳು ತನ್ನನ್ನು ತಂದೆತಾಯಿಗಳಂತೆ ಸಾಕಿದುವು. ಒಗ್ಗದಿದ್ದರೆ ಆಸ್ತಿಯೊಡನೆ ಊರು ಬಿಡುವ ಸ್ವಾತಂತ್ರ್ಯವಿದ್ದೂ ತಾನು ಬಿಡಲಿಲ್ಲ. ಆದ್ದರಿಂದ ಅವುಗಳೊಡನೆ ಒಡಂಬಟ್ಟಂತೆಯೇ ಆಯಿತೆಂಬುದು, ಪ್ಲೇಟೋ ಬರೆದಿಟ್ಟಂತೆ, ಅವನ ವಾದ.

ಈ ವಾದದ ಕೊನೆಯ ಎಳೆಯು ನಮಗೆ ಪೂರ್ಣವಾಗಿ ಸಮ್ಮತವಲ್ಲ. ಹೊರಗಿನವರು ಬಂದು ಹೇರಿದ ಕಾನೂನಿಗೆ ಪ್ರಜೆಯು ಎಂದು ಒಡಂಬಟ್ಟನು? ಹೊಲಮನೆಗಳನ್ನು ಬಿಟ್ಟು ಬಡರೈತನು ಎಲ್ಲಿಗೆ ಹೋದಾನು?

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ನಡತೆಯಿಂದ ಉತ್ತರವಿತ್ತವರು ಗಾಂಧೀಜಿಯವರು. ನ್ಯಾಯಸಭೆಯಲ್ಲಿ ಸಾಕ್ರೆಟೀಸನಾಡಿದ ಮಾತುಗಳನ್ನು ಅವರು 1908ರಲ್ಲಿ ‘ಇಂಡಿಯನ್ ಒಪೀನಿಯನ್’ ಪತ್ರಿಕೆಗಾಗಿ ಗುಜರಾತಿಯಲ್ಲಿ ಸಂಗ್ರಹಿಸಿದ್ದರು. 1910ರಲ್ಲಿ ಮುಂಬಯಿ ಸರಕಾರವು ಅದನ್ನು ‘ಹಿಂದ್ ಸ್ವರಾಜ್’ ಗ್ರಂಥದೊಡನೆ ನಿಷೇಧಿಸಿತು. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಮಾತಿಗೆ ಬೆದರಿದ ಸರಕಾರ!

1917ರ ಏಪ್ರಿಲಿನಲ್ಲಿ ಚಂಪಾರಣ್ಯದ ನೀಲಿ ಬೆಳೆಯ ರೈತರ ಗೋಳನ್ನು ವಿಚಾರಿಸಲು ಹೋದ ಅವರಿಗೆ, ಜಿಲ್ಲೆಯನ್ನು ಬಿಡಬೇಕೆಂದು 144ನೆಯ ಕಲಮಿನ ಆಜ್ಞೆಯಾಯಿತು. ಬಿಡಲಿಲ್ಲ. 18ನೆಯ ತಾರೀಖು ಮೋತಿಹಾರಿಯ ಕೋರ್ಟಿನಲ್ಲಿ, ಸ್ವತಃ ಬ್ಯಾರಿಸ್ಟರರಾಗಿದ್ದೂ ಕಲಮಿನ ಲೋಪಗಳನ್ನು ಕೆದಕದೆ ತಪ್ಪೊಪ್ಪಿಕೊಂಡರು. ಆಜ್ಞೆಯನ್ನು ಮೀರಿದ್ದು ಸರಕಾರದ ಮೇಲಣ ಅನಾದರದಿಂದಲ್ಲ, ಅಂತರಾತ್ಮದ ಹಿರಿಯ ಶಾಸನಕ್ಕೆ ವಿಧೇಯರಾಗಿ ಎಂದರು. ಇಲ್ಲಿ ಸಾಕ್ರೆಟೀಸನ ಒಡಂಬಡಿಕೆಯಿಲ್ಲ. ಆದರೂ ದಂಡಕ್ಕೆ ಮೈಯೊಡ್ಡುವಿಕೆ ಉಂಟು. ದೇವರ ಹೆಸರನ್ನು ಹಟಮಾರಿಯೂ ಹೇಳಬಲ್ಲನು, ಕಳ್ಳನೂ ಹೇಳಬಲ್ಲನು. ಅವರಿಬ್ಬರೂ ಶಿಕ್ಷೆಯನ್ನು ಮಾತ್ರ ಬಯಸರು.

ಮ್ಯಾಜಿಸ್ಟ್ರೇಟರು ತೀರ್ಪನ್ನು ಮುಂದಕ್ಕೆ ಹಾಕಿದರು. ಕೆಲವೇ ದಿನಗಳಲ್ಲಿ ಲೆಫ್ಟಿನೆಂಟ್ ಗವರ್ನರರ ಅಪ್ಪಣೆಯಿಂದ ಮೊಕದ್ದಮೆಯು ಹಿಂತೆಗೆಯಲ್ಪಟ್ಟಿತು. ಇಪ್ಪತ್ತು ಕಠಾ ನೆಲದಲ್ಲಿ ಮೂರು ಕಠಾ ನೀಲಿಯನ್ನೇ ಬೆಳೆಯಬೇಕೆಂಬ ‘ತಿನಕಠಿಯಾ’ ಪದ್ಧತಿಯು 1918ರಲ್ಲಿ ರದ್ದಾಯಿತು. ರದ್ದುಮಾಡಿದ್ದೂ ಅದೇ ಸರಕಾರದ ಕಾನೂನೇ.